ನೋಡಾನ ಅಂದರೆ ಫಾಲ್ಸ್ ಅಲ್ಲ

ದೊಡ್ಡ ಮೊಮ್ಮಗಳ ಮದುವೆ ಚಳ್ಳಕೆರೆಯಲ್ಲಿತ್ತು. ನೆಂಟರನ್ನು ಕರೆತರಲು ವ್ಯಾನ್ ಯಾವ್ಯಾವ ಊರಿಗೆ ಹೋಗಬೇಕೆಂದು ತಿಳಿಸುವ ಪ್ರೋಗ್ರಾಮ್ ಒಂದನ್ನು ಕಂಪ್ಯೂಟರ್ ಓದುತ್ತಿರುವ ಚಿಕ್ಕ ಮೊಮ್ಮಗಳು ಬರೆದಿದ್ದಳು. ಬರುವವರು ಟ್ರೂ, ಬಾರದವರು ಫಾಲ್ಸ್. ದೇವಸಮುದ್ರದ ನನ್ನ ಅಕ್ಕ ಫೋನಿನಲ್ಲಿ “ನೋಡಾನ” ಎಂದಷ್ಟೇ ಹೇಳಿದ್ದಳು. ಪ್ರೋಗ್ರಾಮ್ ಅದನ್ನು ಫಾಲ್ಸ್ ಎಂದುಕೊಂಡು ದೇವಸಮುದ್ರವನ್ನೇ ಕೈಬಿಟ್ಟಿತು.

“ಮೈ ಡಿಯರ್, ಅಕ್ಕನ್ನ ಬಿಟ್ಟು ಮದುವೆ ಮಾಡಿದ್ರೆ ಅವಳು ಜನ್ಮದಲ್ಲಿ ನನ್ನ ಜೊತೆ ಮಾತಾಡಲ್ಲ. ನನಗೆ ಉಳಿದಿರೋಳು ಅವಳೊಬ್ಬಳೇ,” ಎಂದೆ.

“ಅದಕ್ಕೆ ಟ್ರೂ, ಫಾಲ್ಸ್ ಬಿಟ್ಟು ಮೂರನೇದು ಒಂದು ಐತೆ ಅಜ್ಜಿ. ಇಂಗ್ಲಿಷಲ್ಲಿ ‘ನನ್’ ಅಂತ.”

“ನಮ್ಮ ಕಾನ್ವೆಂಟಲ್ಲಿ ಸನ್ಯಾಸಿನಿಯರು ಇದ್ರಲ್ಲ, ಆ ‘ನನ್’ಆ?”

ಅವಳು ಬಿದ್ದು ಬಿದ್ದು ನಕ್ಕಳು. “ಅಯ್ಯೋ ಅಲ್ಲಜ್ಜಿ. ಇದು ಎನ್-ಓ-ಎನ್-ಇ ನನ್, ಏನೂ ಇಲ್ಲ ಅನ್ನೋದು. ಇನ್ನೂ ಉತ್ತರ ಬಂದಿಲ್ಲ ಅಂತ ಅರ್ಥ. ಅಂಥವರ ಮನೆ ಮುಂದೆ ವ್ಯಾನ್ ನಿಲ್ಲಿಸಿ ಕೇಳ್ಬೇಕು, ಅಷ್ಟೆ.”

ಮದುವೆಯ ದಿನ ವ್ಯಾನಿನಲ್ಲಿ ನಾನೂ ಹೋದೆ. ಅಕ್ಕ ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಬ್ಯಾಗ್ ಇಟ್ಟುಕೊಂಡು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು.

“ಬರ್ತೀಯೇನಕ್ಕ?”

“ಕೇಳೋದು ನೋಡು. ನೀನು ಕರೆಯೋಕೆ ಬರ್ತೀಯೋ ಇಲ್ವೋ ಅಂತ ಬೆಳಗಿಂದ ಕಾಯ್ತಾ ಇದೀನಿ,” ಎಂದು ಹತ್ತಿ, ನನ್ನನ್ನು ಸರಿಸಿ ಕಿಟಕಿ ಪಕ್ಕ ಕೂತಳು.