ನಾಗರತ್ನಾಳ ಮನೆಯ ಸುದ್ದಿ

ಮುನವಳ್ಳಿಯ ಪೇಟೆ ಓಣಿಯಲ್ಲಿ ನಾಗರತ್ನಾಳ ಎದುರು ಬಾಯಿ ಬಿಡಲು ಹೆಂಗಸರು ಹೆದರುತ್ತಿದ್ದ ಕಾಲವೊಂದಿತ್ತು. ಅವಳೇನು ಜಗಳಗಂಟಿಯಲ್ಲ. ಕಾಳಿನ ವ್ಯಾಪಾರಿ ವಿರೂಪಾಕ್ಷನ ಹೆಂಡತಿ, ಹತ್ತನೆಯ ಇಯತ್ತೆ ಪಾಸಾದವಳು, ಮೆತ್ತಗೆ ಮಾತಾಡುವವಳು. ತಪ್ಪು ಒಂದೇ: ಕೇಳಿದ್ದನ್ನು ಬರೆಯುತ್ತಿದ್ದಳು.

ತೊಂಬತ್ತಾರರ ಸುಮಾರಿಗೆ ಹುಬ್ಬಳ್ಳಿಯಿಂದ ಬರುತ್ತಿದ್ದ ಒಂದು ವಾರಪತ್ರಿಕೆ, ಓದುಗರ ಮನೆಗಳಲ್ಲಿ ನಿಜವಾಗಿ ನಡೆದ ಸಂಗತಿಗಳಿಗೆಂದೇ ಅರ್ಧ ಪುಟ ಬಿಟ್ಟಿತ್ತು. ನಾಗರತ್ನಾ ಅದಕ್ಕೆ ಬರೆದು ಕಳಿಸುವಳು. ಕೆಳಗೆ ತನ್ನ ಹೆಸರು ಅಚ್ಚಾಗಿ ಬಂದ ದಿನ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸುದ್ದಿಗೇನೂ ಬರವಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಓಣಿಯ ಹೆಂಗಸರು ಯಾರದಾದರೂ ಕಟ್ಟೆಯ ಮೇಲೆ ಕೌದಿ ಹೊಲಿಯಲು ಕೂಡುತ್ತಿದ್ದರು. ಹಳೆಯ ಸೀರೆ, ಧೋತರ ಹಾಸಿ ಮೂಲೆಗೊಬ್ಬರು ಕುಳಿತರೆ ಸಂಜೆಯಾದದ್ದೇ ತಿಳಿಯುತ್ತಿರಲಿಲ್ಲ. ಇವತ್ತು ನನ್ನ ಕೌದಿಗೆ ನೀನು ಬಂದರೆ ನಾಳೆ ನಿನ್ನದಕ್ಕೆ ನಾನು ಬರಬೇಕು. ಮಾತಿಗೂ ಅದೇ ರೂಢಿ. ಒಬ್ಬಳು ತನ್ನ ಮನೆಯದೊಂದು ಬಿಚ್ಚಿದರೆ ಇನ್ನೊಬ್ಬಳು ತನ್ನದೊಂದು ಬಿಚ್ಚಬೇಕು. ನಾಗರತ್ನಾ ಎಲ್ಲರ ಕೌದಿಗೂ ಹೊಲಿಗೆ ಹಾಕಿದಳು, ಎಲ್ಲರ ಸುದ್ದಿಯನ್ನೂ ಕೇಳಿದಳು. ತನ್ನದನ್ನು ಮಾತ್ರ ಹೇಳಲಿಲ್ಲ.

ಹೀಗಿರುವಾಗ ಎದುರುಮನೆಯ ಇಂದ್ರವ್ವ ಒಂದು ದಿನ ನಗುನಗುತ್ತ ತನ್ನದೊಂದು ಹೇಳಿದಳು. ಸಾರಿಗೆ ಉಪ್ಪಿಲ್ಲವೆಂದು ಗಂಡ ಸತ್ಯಪ್ಪ ತಾಟು ಸರಿಸಿದ್ದಕ್ಕೆ ಸಿಟ್ಟಿಗೆದ್ದು, ಸೀರೆಯ ಗಂಟು ಕಟ್ಟಿಕೊಂಡು ತವರೂರು ಹೂಲಿಗೆ ಹೊರಟಿದ್ದಳಂತೆ. ಬಸ್ಸು ಬರಲೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾದು ಕಾದು ಸಿಟ್ಟೂ ಇಳಿಯಿತು. ಹಾಗೇ ತಿರುಗಿ ಬರಲು ನಾಚಿಕೆಯಾಗಿ, ಅಲ್ಲೇ ಬದನೆಕಾಯಿ ಕೊಂಡು, ಕಾಯಿಪಲ್ಲೆ ತರಲು ಹೋದವಳ ಹಾಗೆ ಮನೆ ಸೇರಿದಳು. ಸತ್ಯಪ್ಪ ರಾತ್ರಿ ಎಣ್ಣೆಗಾಯಿ ಉಂಡು ಹೊಗಳಿದನೇ ಹೊರತು, ಹೆಂಡತಿ ಬಿಟ್ಟುಹೋಗಿ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ನಾಗರತ್ನಾ ಇದನ್ನೂ ಬರೆದಳು. ಜಾಣೆ, ಹೆಸರು ಬದಲಿಸಿದಳು, ಊರು ಬದಲಿಸಿದಳು. ಬದನೆಕಾಯಿ ಬದಲಿಸಲು ಮನಸ್ಸು ಬರಲಿಲ್ಲ. ಸತ್ಯಪ್ಪ ಕ್ಷೌರದಂಗಡಿಯಲ್ಲಿ ಕುಳಿತು ಅದನ್ನು ಓದಿ, ಅರ್ಧ ಗಡ್ಡ ಬೋಳಿಸಿದ್ದ ಹಾಗೆಯೇ ಮನೆಗೆ ಬಂದ.

“ಏನಲೇ, ಅವತ್ತಿನ ಬದನಿಕಾಯಿ ಬಸ್‌ಸ್ಟ್ಯಾಂಡಿನಾವೇನು?”

ಇಂದ್ರವ್ವ ಗಂಡನನ್ನು ಅಲ್ಲೇ ಬಿಟ್ಟಳು. ನೆಟ್ಟಗೆ ನಾಗರತ್ನಾಳ ಬಾಗಿಲಿಗೆ ಬಂದಳು. “ನನ್ನ ಸಿಟ್ಟು ನನ್ನ ಹೊಟ್ಟ್ಯಾಗ ಇತ್ತು. ನಿಮ್ಮ ಮುಂದ ಹೇಳಿದ್ದು ನಕ್ಕು ಬಿಡ್ರಿ ಅಂತ. ನೀ ಊರಿಗೆಲ್ಲಾ ಹಂಚಿದಿ” ಎಂದಳು.

ಆಮೇಲೂ ಕೌದಿ ಹೊಲಿಯುವುದು ನಿಲ್ಲಲಿಲ್ಲ. ಆದರೆ ನಾಗರತ್ನಾ ಬಂದು ಕುಳಿತರೆ ಮಾತು ಉಪ್ಪಿನಕಾಯಿಗೆ, ನಳದ ನೀರಿಗೆ ತಿರುಗುತ್ತಿತ್ತು. ಬರೆಯಲು ಏನೂ ಸಿಗದಿದ್ದುದನ್ನು ಅವಳು ಹೇಗೋ ತಡೆದುಕೊಂಡಳು. ಹತ್ತು ಜನರ ನಡುವೆ ಒಬ್ಬಳೇ ಕುಳಿತಿರುವುದನ್ನು ತಡೆಯಲಾಗಲಿಲ್ಲ. ಕಡೆಗೆ ಒಂದು ದಿನ ಕಣ್ಣಲ್ಲಿ ನೀರು ತಂದುಕೊಂಡು, “ನಾ ಏನ್ ಮಾಡ್ಲಿ ಹೇಳ್ರಿ ಅಕ್ಕಾ” ಎಂದು ಕೇಳಿದಳು.

“ಎಲ್ಲಾರ ಮನಿ ಸುದ್ದಿ ನಿನ್ನ ಕಡೆ ಐತಿ,” ಎಂದಳು ಇಂದ್ರವ್ವ. “ನಿನ್ನ ಮನಿದು ಒಂದರ ನಮ್ಮ ಕಡೆ ಐತೇನು?”

ಅವಳ ಮನೆಯಲ್ಲಿ ಸುದ್ದಿ ಇತ್ತು. ಮದುವೆಯಾದ ಹೊಸತರಲ್ಲಿ, ಬಸುರಿಗೆ ಕುಬುಸದ ಶಾಸ್ತ್ರವಾಗಿ ಹೆರಿಗೆಗೆಂದು ತವರಿಗೆ ಹೊರಡುವ ಮೊದಲೇ ಹೊಟ್ಟೆನೋವು ಬಂದು, ಇದೇ ಮನೆಯ ಒಳಕೋಣೆಯಲ್ಲಿ ಹೆರಿಗೆಯಾಗಿತ್ತು. ಕೂಸಿಗೆ ಜೀವವಿರಲಿಲ್ಲ. ನೋಡಿದರೆ ಮುಂದಿನ ಬಸುರಿಗೆ ಒಳ್ಳೆಯದಲ್ಲವೆಂದು ಅತ್ತೆ ರಾಚವ್ವ ಅದನ್ನು ಅವಳಿಗೆ ತೋರಿಸದೆ ಎತ್ತಿಕೊಂಡು ಹೋದಳು. ಮುಂದೆ ಎರಡು ಮಕ್ಕಳಾದವು, ಚೆನ್ನಾಗಿ ಬೆಳೆದವು. ಮೊದಲಿನದರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅತ್ತೆಯನ್ನು ಕೇಳಬೇಕೆಂದು ನಾಗರತ್ನಾಳಿಗೆ ಎಷ್ಟೋ ಸಲ ಅನಿಸಿತ್ತು, ಧೈರ್ಯ ಬಂದಿರಲಿಲ್ಲ.

ಈಗ ಕುಳಿತು ಬರೆದಳು. ಮುಂದಿನ ಸಲ ಕೌದಿ ಅವಳದೇ ಕಟ್ಟೆಯ ಮೇಲಿತ್ತು. ಹಾಳೆ ತೆಗೆದು ಓದತೊಡಗಿದಳು. ಒಳಗೆ ಪಡಸಾಲೆಯಲ್ಲಿ ರಾಚವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನಡುವೆ ಎಲ್ಲಿಯೋ ನಿಂತಿತು. ನಾಗರತ್ನಾ ಓದುವುದನ್ನು ನಿಲ್ಲಿಸಲಿಲ್ಲ. “ಅದು ಗಂಡೋ ಹೆಣ್ಣೋ, ಯಾರ ಹಾಗಿತ್ತೋ, ನನಗೆ ತಿಳಿಯದು” ಎಂಬಲ್ಲಿ ಬರಹ ಮುಗಿದಿತ್ತು.

ರಾಚವ್ವ ಬಾಗಿಲಿಗೆ ಬಂದು ನಿಂತಿದ್ದಳು. ಹೆಂಗಸರು ಸೂಜಿ ಹಿಡಿದವರು ಹಿಡಿದಂತೆಯೇ ಕುಳಿತರು.

“ಅರ್ಧಕ್ಕ ಯಾಕ ಬಿಟ್ಟಿ?”

“ನನಗ ಗೊತ್ತಿಲ್ಲಲ್ರಿ, ಅತ್ತಿ.”

ರಾಚವ್ವ ಸೊಸೆಯ ಪಕ್ಕಕ್ಕೆ ಬಂದು ಕುಳಿತಳು. “ಹೆಣ್ಣಿತ್ತು. ತಲಿ ತುಂಬ ಕೂದಲಿದ್ದುವು. ಗದ್ದ ನಿಂದ ಇತ್ತು. ಎಣ್ಣಿ ಹಚ್ಚಿ, ಬಿಸಿನೀರಿಂದ ಎರದು ಕಳಿಸೇನಿ. ಇವತ್ತ ಕೇಳ್ತಿ, ನಾಳಿ ಕೇಳ್ತಿ ಅಂತ ದಾರಿ ನೋಡಿದೆ. ನೀ ಕೇಳಲಿಲ್ಲ. ಇಷ್ಟು ವರ್ಷ ನಾ ಒಬ್ಬಾಕೀನ ಅದನ್ನ ನೆನಸ್ಕೊಂತ ಬಂದೆ.”

ನಾಗರತ್ನಾ ಅಳುತ್ತಲೇ ಕೇಳಿದಳು: “ಕಣ್ಣು ಹೆಂಗಿದ್ದುವ್ರಿ?”

“ಕಣ್ಣು ತೆರೀಲಿಲ್ಲ, ನನ್ನವ್ವಾ. ಉಳಿದಿದ್ದೆಲ್ಲಾ ನೋಡೇನಿ. ಬರಕೋ.”