ಎರಡು ವರ್ಷ ಮುಂದಿನ ಬಿಲ್ಲು

ನಮ್ಮ ಮನೆಯ ಬಾಗಿಲ ಪಕ್ಕದಲ್ಲಿರುವ ನನ್ನ ಚಪ್ಪಲಿ, ಬೂಟುಗಳೆಲ್ಲ ನನ್ನ ಪಾದಕ್ಕಿಂತ ಒಂದು ನಂಬರು ದೊಡ್ಡವು. ಐವತ್ತೆರಡು ದಾಟಿದ ಗುಮಾಸ್ತನ ಪಾದ ಇನ್ನು ಬೆಳೆಯುವುದಿಲ್ಲವೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೂ ಅಂಗಡಿಯವನು ಸರಿಯಾದ ಅಳತೆಯದನ್ನು ಮುಂದಿಟ್ಟ ಕೂಡಲೇ, ಇನ್ನೊಂದು ನಂಬರು ದೊಡ್ಡದಿದೆಯೇ ಎಂದು ನನ್ನ ಬಾಯಿ ತಾನಾಗಿಯೇ ಕೇಳಿಬಿಡುತ್ತದೆ. ನೀವು ನನ್ನ ಓರಗೆಯವರಾದರೆ ಇದರ ಮೂಲವನ್ನು ವಿವರಿಸಬೇಕಾಗಿಲ್ಲ. 'ಬೆಳೆಯೋ ಮಗು, ಎರಡು ವರ್ಷವಾದರೂ ಬರಲಿ' ಎಂಬ ಒಂದೇ ಮಂತ್ರದ ಮೇಲೆ ನಮ್ಮ ಬಾಲ್ಯದ ಸಮಸ್ತ ವಸ್ತ್ರಾಲಂಕಾರವೂ ನಡೆದಿತ್ತು. ಮೊಣಕಾಲು ದಾಟಿದ ಚಡ್ಡಿ, ಬೆರಳು ನುಂಗುವ ತೋಳಿನ ಅಂಗಿ, ತುದಿಗೆ ಹಳೆಯ ಪೇಪರು ತುರುಕಿದ ಬೂಟು. ಸಾಲಗಾಮೆಯ ಶಾಲೆಯ ಓಟದ ಪಂದ್ಯದಲ್ಲಿ ನನ್ನ ಎಡಗಾಲಿನ ಬೂಟು ನನಗಿಂತ ಮೊದಲೇ ಗೆರೆ ದಾಟಿತು. ಬಹುಮಾನ ಮಾತ್ರ ಇಬ್ಬರಿಗೂ ಬರಲಿಲ್ಲ.

ಹೋದ ವರ್ಷ ನನ್ನ ಮಗಳು ಸಿಂಚನ ಒಂದು ಬಿಲ್ಲು ಬೇಕೆಂದಳು. ಹದಿನಾಲ್ಕು ವರ್ಷದ ಹುಡುಗಿ, ಯಾವುದಕ್ಕೂ ಹಟ ಹಿಡಿದವಳಲ್ಲ. ಹಾಸನದ ಬೇಸಿಗೆ ಶಿಬಿರದಲ್ಲಿ ಹತ್ತು ಮಕ್ಕಳ ನಡುವೆ ಕೈ ಬದಲಾಗುತ್ತಿದ್ದ ಒಂದು ಬಿದಿರಿನ ಬಿಲ್ಲು ಹಿಡಿದವಳು ಆಮೇಲೆ ಆ ಹುಚ್ಚನ್ನು ಬಿಟ್ಟಿರಲಿಲ್ಲ. ಜಿಲ್ಲಾ ತಂಡದ ಆಯ್ಕೆಗೆ ಎರಡು ತಿಂಗಳಿತ್ತು. ಕಲಿಸುವ ಮೇಡಂ ಅವಳ ಎತ್ತರ, ತೋಳಿನ ಉದ್ದ ಅಳೆದು, ಎಳೆಯುವ ಭಾರ ಇಪ್ಪತ್ತು ಪೌಂಡು ಮೀರಬಾರದೆಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಭದ್ರವಾಗಿಟ್ಟುಕೊಂಡೆ, ಸಕ್ಕರೆ ಕಡಿಮೆ ಮಾಡಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಇಟ್ಟುಕೊಂಡಿರುವ ಹಾಗೆಯೇ.

ಮೈಸೂರಿನ ಅಂಗಡಿಯೊಳಗೆ ಕಾಲಿಟ್ಟಾಗ ನನ್ನೊಳಗೆ ನಮ್ಮ ತಾತ ಎದ್ದು ನಿಂತ. ಅರಕಲಗೂಡಿನ ಕಡೆ ಒಂದೇ ಬಾಣಕ್ಕೆ ಕಾಡುಹಂದಿ ಉರುಳಿಸಿದವನೆಂದು ನಮ್ಮ ವಂಶದಲ್ಲಿ ಅವನಿಗೆ ಖ್ಯಾತಿ. ಆ ಹಂದಿ ಹಾಳುಬಾವಿಗೆ ಬಿದ್ದು ಸತ್ತದ್ದೆಂದು ನಮ್ಮವ್ವ ಹೇಳುತ್ತಾಳೆ, ಆ ಮಾತನ್ನು ನಾವು ಯಾರಿಗೂ ಹೇಳುವುದಿಲ್ಲ. ಬೇಟೆಯಾಡಿದರೆ ಈಗ ಜೈಲು. ನಾನಂತೂ ಈವರೆಗೆ ಬೇಟೆಯಾಡಿದ್ದು ಅಡುಗೆಮನೆಯ ಇಲಿಯನ್ನು, ಅದೂ ಬೋನಿನಿಂದ. ಇಷ್ಟಾದರೂ ಕಣ್ಣು ನೆಟ್ಟಿದ್ದು ಗೋಡೆಯ ಮೇಲಿನ ಬೇಟೆ ಬಿಲ್ಲಿನ ಮೇಲೆ. ಕಪ್ಪು ಮೈ, ನಲವತ್ತು ಪೌಂಡು. ಮಗುವಿಗೆ ಆಗುವುದಿಲ್ಲವೆಂದು ಅಂಗಡಿಯವರು ಎರಡು ಸಲ ಹೇಳಿದರು. ಹಿಡಿಯನ್ನು ಹಾಗೇ ಇಟ್ಟುಕೊಂಡು, ಮೇಲೆ ಕೆಳಗೆ ಬಾಗುವ ಎರಡು ರೆಕ್ಕೆಗಳನ್ನು ಈಗ ಹಗುರದ್ದು ಹಾಕಿ, ಬೆಳೆದ ಹಾಗೆ ಬದಲಾಯಿಸಬಹುದೆಂದು ಬಿಚ್ಚಿಯೂ ತೋರಿಸಿದರು. ನಾನು ಅವರಿಗೇ ಲೋಕಜ್ಞಾನ ಸಾಲದೆಂಬಂತೆ ನಕ್ಕು, ಬೆಳೆಯೋ ಮಗು ಎಂದೆ.

ಭಾನುವಾರಗಳಲ್ಲಿ ಸಾಲಗಾಮೆಯ ನಮ್ಮ ಮನೆಯ ಹಿಂದೆ, ರಾಗಿ ಹುಲ್ಲಿನ ಮೆದೆಗೆ ಗುರಿಹಾಳೆ ಸಿಕ್ಕಿಸಿ ಅಭ್ಯಾಸ ಶುರುವಾಯಿತು. ಅವಳು ಎಳೆದರೆ ಬಿಲ್ಲು ಅರ್ಧ ಬಾಗುತ್ತಿತ್ತು, ಅವಳು ಪೂರ್ತಿ ಬಾಗುತ್ತಿದ್ದಳು. ನಾನು ಕಲ್ಲಿನ ಮೇಲೆ ಕೂತು, ಇನ್ನೊಂದು ಮುದ್ದೆ ಉಂಡರೆ ಎಲ್ಲ ಸರಿಹೋಗುತ್ತದೆಂದು ಉಪದೇಶ ಮಾಡುತ್ತಿದ್ದೆ. ಮೂರು ವಾರವಾದ ಮೇಲೆ ಪರೀಕ್ಷೆಯ ನೆಪ ಹೇಳಿ ಅವಳು ಮೇಡಂ ಬಳಿ ಹೋಗುವುದನ್ನು ನಿಲ್ಲಿಸಿದಳು. ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಅವಳ ಬಲಗೈ ಮೇಲಕ್ಕೇಳದಿದ್ದುದನ್ನು ನಮ್ಮವ್ವ ಕಂಡಳು. ಭುಜದ ನೋವನ್ನೂ, ಇನ್ನು ಬಿಲ್ಲಿನ ಸಹವಾಸವೇ ಬೇಡವೆಂದು ತೀರ್ಮಾನಿಸಿದ್ದನ್ನೂ ಹುಡುಗಿ ಅಜ್ಜಿಯ ಮುಂದೆ ಹೇಳಿಕೊಂಡಳು. ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ಲೇ, ನಿನ್ ಬೂಟಿಗೆ ಪೇಪರ್ ತುರುಕ್ದೋಳು ನಾನೇ ಕಣ್ಲಾ. ವರ್ಸ ವರ್ಸ ಹೊಸದು ತರಾಕೆ ಆಯ್ತಿರ್ಲಿಲ್ಲ, ಅದ್ಕೆ. ನಿಂಗೇನ್ಲಾ ಬಂದಿತ್ತು?"

ಕಚೇರಿಯಲ್ಲಿ ಎಂಥ ನೋಟೀಸಿಗೂ ಉತ್ತರ ಬರೆದುಕೊಡುವ ನಾನು ಇದಕ್ಕೂ ಒಂದು ಸಮಜಾಯಿಷಿ ಹೊಂದಿಸಿಕೊಂಡು ಮಗಳ ಬಳಿ ಹೋಗಿ ಕೂತೆ. ಇನ್ನೆರಡು ವರ್ಷಕ್ಕೆ ಇದೇ ಬಿಲ್ಲು ಹೂವಿನಂತಾಗುತ್ತದೆಂದು ಏನೇನೋ ಹೇಳಿದೆ. ಅವಳು ಸಿಟ್ಟಾಗಲಿಲ್ಲ.

"ಅಪ್ಪ, ಯೂನಿಫಾರ್ಮು, ಸೈಕಲ್ಲು, ಈಗ ಬಿಲ್ಲು, ಎಲ್ಲಾ ಎರಡು ವರ್ಷ ಆದ್ಮೇಲೆ ಬರೋ ಹುಡುಗಿಗೇ ತಂದಿದೀಯ. ಈಗ ಇರೋ ನಂಗೆ ಅಂತ ಏನಾದ್ರೂ ತಂದಿದೀಯಾ?"

ನಾಚಿಕೆಯಾಯಿತು. ಎದ್ದು ಹೋಗಿ, ಮೆದೆಯ ಮುಂದೆ ನಿಂತು ಆ ಬಿಲ್ಲನ್ನು ಮೊದಲ ಬಾರಿಗೆ ನಾನೇ ಎಳೆದೆ. ನಾಲ್ಕು ಎಣಿಸುವಷ್ಟರಲ್ಲಿ ತೋಳು ಗಡಗಡ ನಡುಗಿತು. ಆ ಬಿಲ್ಲಿಗೆ ತಕ್ಕ ವಯಸ್ಸು ನನಗಿನ್ನೂ ಬಂದಿಲ್ಲವೋ, ಬಂದು ಹೋಯಿತೋ, ತಾತನೇ ಹೇಳಬೇಕು.

ಭುಜಕ್ಕೆ ಒಂದೂವರೆ ತಿಂಗಳು ವಿಶ್ರಾಂತಿ ಬೇಕೆಂದರು ಡಾಕ್ಟರು. ಆ ವರ್ಷದ ಆಯ್ಕೆ ಅಷ್ಟರಲ್ಲಿ ಮುಗಿದುಹೋಯಿತು; ಅದನ್ನು ಕಳೆದವನು ನಾನೇ. ಮೈಸೂರಿನ ಅಂಗಡಿಯವರು ಒಂದು ಮಾತೂ ಆಡದೆ ಅದೇ ಹಿಡಿಗೆ ಹದಿನೆಂಟು ಪೌಂಡಿನ ರೆಕ್ಕೆ ಜೋಡಿಸಿದರು. ಬೈದಿದ್ದರೆ ಮೇಲಿತ್ತು. ಮತ್ತೆ ಮೆದೆಯ ಮುಂದೆ ನಿಂತ ಮೊದಲ ದಿನ ಸಿಂಚನ ದಾರವನ್ನು ಗದ್ದದವರೆಗೆ ಎಳೆದು ಹಿಡಿದಳು. ನಾನು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಿದೆ. ಅವಳ ಕೈ ಅಲುಗಲಿಲ್ಲ. ಬಾಣ ಗುರಿಹಾಳೆಯ ಹತ್ತಿರಕ್ಕೂ ಹೋಗದೆ ಹುಲ್ಲಿನಲ್ಲಿ ಹೂತುಹೋಯಿತು. ಅವಳು ಮಾತ್ರ ನಗುತ್ತಾ ಅದನ್ನು ಹುಡುಕಲು ಓಡಿದಳು.

ಮೊನ್ನೆ ಅವಳಿಗೆ ಬೂಟು ಕೊಡಿಸಲು ಹಾಸನದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಅವಳ ಹೆಬ್ಬೆರಳಿನ ತುದಿ ಒತ್ತಿ, ಇನ್ನೊಂದು ನಂಬರು ದೊಡ್ಡದು ಕೊಡಲೇ ಎಂದು ನನ್ನ ಮುಖ ನೋಡಿದ. ನನ್ನ ಬಾಯಿ ತೆರೆದೇಬಿಟ್ಟಿತ್ತು. ಕಷ್ಟಪಟ್ಟು ಮುಚ್ಚಿಕೊಂಡು, ಇದೇ ಇರಲಿ ಎಂದೆ. ಮಗಳು ನನ್ನ ಕಾಲಿನತ್ತ ಒಮ್ಮೆ ನೋಡಿ, ಅಪ್ಪನ ಅಳತೆಯನ್ನೂ ತೆಗೆದುಕೊಳ್ಳಿ ಎಂದಳು. ಹಿಮ್ಮಡಿಗೆ ಬಡಿಯುವ ಪಟಪಟ ಸದ್ದಿಗೆ ನಲವತ್ತು ವರ್ಷ ಹೊಂದಿಕೊಂಡ ನನಗೆ, ಸರಿಯಾದ ಅಳತೆಯ ಹೊಸ ಚಪ್ಪಲಿ ಮೆಟ್ಟಿ ಮನೆಗೆ ಬರುವ ದಾರಿಯಲ್ಲಿ ಆ ಸದ್ದು ಕೇಳದೆ, ಚಪ್ಪಲಿ ಎಲ್ಲೋ ಬಿದ್ದುಹೋಯಿತೇನೋ ಎನಿಸಿ, ಎರಡು ಸಲ ನಿಂತು ಕಾಲು ನೋಡಿಕೊಂಡೆ.