ಹಾಲಲ್ಲಿ ನುಂಗಿಸಿದ ಮಾತ್ರೆ

ಅವ್ವನ ಎಡಗೈ ತೋರುಬೆರಳು ಹೇಗೆ ಮೋಟಾಯಿತು ಎಂದು ಯಾರಾದರೂ ಕೇಳಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಹೇಳಬೇಕಾದ್ದನ್ನು ಹೇಳದೆ ಹೊತ್ತು ಹೊತ್ತು ಸುಸ್ತಾಗಿದೆ.

ಸಾತನೂರಿನ ಹತ್ತಿರ ನಮ್ಮ ತೋಟ. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವಾಗ ಕುಡುಗೋಲು ಅವ್ವನ ಬೆರಳಿಗೆ ತಾಗಿತು. ಅರಿಸಿನ ಮೆತ್ತಿ, ಬಟ್ಟೆ ಸುತ್ತಿಕೊಂಡು, ಹುಳು ಹಣ್ಣಾಗಿ ಗೂಡು ಕಟ್ಟುವ ತನಕ ದುಡಿದಳು. ಆಮೇಲೆ ಕೀವು. ರಾಮನಗರದ ಡಾಕ್ಟರು ಎಕ್ಸ್‌ರೇ ನೋಡಿ, "ಸೋಂಕು ಮೂಳೆಗಿಳಿದಿದೆ. ಆರು ವಾರ ಮಾತ್ರೆ ತಪ್ಪಿಸಬೇಡಿ, ಇಲ್ಲದಿದ್ರೆ ಬೆರಳು ತೆಗೀಬೇಕಾಗುತ್ತೆ" ಎಂದರು. ಮೂರು ಹಸು ಕರೆಯುವ ಕೈ ಅದು. ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದಳು.

ನಾನು ಒಂದು ದಿನವೂ ತಪ್ಪಿಸಲಿಲ್ಲ. ಬಿಡದಿ ಫ್ಯಾಕ್ಟರಿಯ ಪಾಳಿ ಮುಗಿಸಿ, ಬಸ್ಸು ಬದಲಿಸಿ ಮನೆ ಸೇರಿದರೆ ಮೊದಲ ಕೆಲಸವೇ ಮಾತ್ರೆ. "ಕಾವಿನ ಮಾತ್ರೆ ಕಣವ್ವ, ಹೊಟ್ಟೆ ಉರೀತೈತೆ. ಒಸಿ ಹಾಲು ಕೊಡು" ಎನ್ನುತ್ತಿದ್ದಳು ಅವ್ವ. ನಮ್ಮ ಕಡೆ ಮಾತ್ರೆ ಅಂದರೆ ಉಷ್ಣ, ಉಷ್ಣಕ್ಕೆ ಹಾಲು. ಇದನ್ನೂ ಯಾರನ್ನಾದರೂ ಕೇಳಬೇಕೇ? ಒಸಿ ಯಾಕೆ, ದೊಡ್ಡ ಲೋಟದ ತುಂಬ ಕೊಟ್ಟೆ. ಮೂಳೆ ಗಟ್ಟಿಯಾಗಲಿ ಎಂದು ಮೆಡಿಕಲ್ ಸ್ಟೋರಿನಿಂದ ಕ್ಯಾಲ್ಸಿಯಂ ಮಾತ್ರೆ ತಂದು ಅದನ್ನೂ ಜೊತೆಗೇ ನುಂಗಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆರು ವಾರವಾದರೂ ಕೀವು ನಿಲ್ಲಲಿಲ್ಲ. ಅವ್ವನನ್ನು ಡ್ರೆಸ್ಸಿಂಗ್‌ಗೆ ಕಳಿಸಿ ಡಾಕ್ಟರು ನನ್ನನ್ನು ಕೇಳಿದರು: "ಮಾತ್ರೆ ಯಾವುದರಲ್ಲಿ ಕೊಡ್ತಿದ್ರಿ?" ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಈ ಆಂಟಿಬಯೋಟಿಕ್‌ಗೆ ಕ್ಯಾಲ್ಸಿಯಂ ಆಗಲ್ಲಮ್ಮ, ಹಾಲಲ್ಲಿರೋದೂ ಸೇರಿ. ಹೊಟ್ಟೇಲೇ ಎರಡೂ ಅಂಟಿಕೊಂಡುಬಿಡುತ್ತವೆ. ಔಷಧಿ ರಕ್ತಕ್ಕೇ ಸರಿಯಾಗಿ ಸೇರದಿದ್ರೆ ಮೂಳೆಗೆ ಹೇಗೆ ಹೋಗುತ್ತೆ? ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ನೀರಲ್ಲಿ ಕೊಡಬೇಕಿತ್ತು. ನಾನೂ ಬಿಡಿಸಿ ಹೇಳಬೇಕಿತ್ತು."

ಬೆರಳಿನ ಎರಡು ಗೆಣ್ಣು ಹೋದವು. ಊರವರು ಕೇಳಿದರೆ "ಕುಡ್ಲು ತಿಂದ್ಬುಡ್ತು" ಎಂದು ಅವ್ವ ನಗುತ್ತಾಳೆ. ಉಳಿದ ಬೆರಳುಗಳಲ್ಲೇ ಹಸು ಕರೆಯುವುದನ್ನು ಕಲಿತಿದ್ದಾಳೆ. ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆ.

ಹೋದ ವಾರ ನನಗೆ ಜ್ವರ ಬಂತು. ನಾನು ಮಾತ್ರೆ ಬಿಡಿಸುವಷ್ಟರಲ್ಲಿ ಅವ್ವ ಲೋಟ ಹಿಡಿದು ಬಂದಳು, ಆ ಮೋಟು ಬೆರಳನ್ನು ಲೋಟಕ್ಕೆ ಒತ್ತಿಕೊಂಡು.

"ಕಾವು ಕಣವ್ವ, ಹಾಲಲ್ಲೇ ನುಂಗು. ನೀನು ನನ್ನ ಎಷ್ಟ್ ಚೆಂದಾಗಿ ನೋಡ್ಕಂಡೆ."

ನುಂಗಿದೆ. ಆಗಲೂ ಹೇಳಲಿಲ್ಲ.